ಎರಡು ವಾರ ಬಂದು ಇಂಗ್ಲಿಷ್ ಹೇಳ್ಕೊಡ್ಬೋದಾ ಅಂತ ಕೇಳೋ ಅಪ್ಪ-ಅಮ್ಮಂದಿರಿಗೆ

ಮಾರ್ಚ್ ಏಪ್ರಿಲ್ ಬಂತು ಅಂದ್ರೆ ಅಮೆರಿಕದಿಂದ ನಂಗೆ ಒಂದೇ ಪ್ರಶ್ನೆ ಬೇರೆ ಬೇರೆ ನಂಬರಿಂದ ಬರುತ್ತೆ, ನ್ಯೂಜೆರ್ಸಿಯಿಂದ, ಡಲ್ಲಾಸಿಂದ, ಕ್ಯಾಲಿಫೋರ್ನಿಯಾದಿಂದ. "ಮಗಳು ಹೈಸ್ಕೂಲಲ್ಲಿದಾಳೆ, ರಜೆಗೆ ಮೈಸೂರಿಗೆ ಅಜ್ಜಿ ಮನೆಗೆ ಬರ್ತಾಳೆ, ನೀವು ಎಚ್.ಡಿ. ಕೋಟೆ ಕಡೆ ಆದಿವಾಸಿ ಹಾಡಿಗಳ ಮಕ್ಕಳ ಜೊತೆ ಕೆಲ್ಸ ಮಾಡ್ತೀರಲ್ಲ, ಅಲ್ಲಿ ಒಂದೆರಡು ವಾರ ಇಂಗ್ಲಿಷ್ ಹೇಳ್ಕೊಡ್ಬೋದಾ?" ಕೇಳೋರ ಮನಸ್ಸು ತುಂಬಾ ಒಳ್ಳೇದು, ಅದ್ರಲ್ಲಿ ಎರಡು ಮಾತಿಲ್ಲ. ಅದಕ್ಕೇ ಒಬ್ಬೊಬ್ಬರಿಗೂ ಅರ್ಧಂಬರ್ಧ ಟೈಪ್ ಮಾಡೋ ಬದ್ಲು ಇಲ್ಲಿ ಪೂರ್ತಿ ಬರೀತಿದೀನಿ.

ಖಂಡಿತ ಕಳಿಸಿ. ಆದ್ರೆ ಇಂಗ್ಲಿಷ್ ಹೇಳ್ಕೊಡೋಕೆ ಬೇಡ, ಈ ಮಕ್ಕಳ ಜೊತೆ ಕೂತು ಕನ್ನಡ ಓದೋಕೆ ಕಳಿಸಿ, ಮತ್ತೆ ವಾಪಸ್ ಹೋದ್ಮೇಲೂ ಒಂದು ವರ್ಷ ಆ ಓದು ನಡೆಸ್ತಾಳೆ ಅನ್ನೋದಾದ್ರೆ ಮಾತ್ರ ಕಳಿಸಿ.

ಯಾಕೆ ಅಂದ್ರೆ, ಮೊದಲು ಶಾಲೆ ಹೇಗೆ ನಡೆಯುತ್ತೆ ನೋಡಿ. ಅಮೆರಿಕದ ಮಕ್ಕಳಿಗೆ ರಜೆ ಶುರುವಾಗೋ ಹೊತ್ತಿಗೆ ನಮ್ಮ ಸರ್ಕಾರಿ ಶಾಲೆ ಆಗ ತಾನೇ ಬಾಗಿಲು ತೆಗೆದಿರುತ್ತೆ, ಜೂನ್ ತಿಂಗಳಲ್ಲಿ ಸೇತುಬಂಧ ನಡೀತಿರುತ್ತೆ, ಅಂದ್ರೆ ಬೇಸಿಗೆ ರಜೇಲಿ ಮರೆತಿದ್ದನ್ನ ಮತ್ತೆ ಹಿಡಿಯೋ ಕೆಲ್ಸ, ಯಾವ ಮಗು ಎಲ್ಲಿದೆ ಅಂತ ಟೀಚರ್ ಗುರುತು ಹಾಕ್ಕೊಳ್ಳೋ ಸಮಯ. ಒಂದರಿಂದ ಮೂರನೇ ಕ್ಲಾಸಿನವರಿಗೆ ನಲಿ-ಕಲಿ, ಅಂದ್ರೆ ನಲೀತಾ ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. ಈ ನಲಿ-ಕಲಿ ಹುಟ್ಟಿದ್ದೇ ಎಚ್.ಡಿ. ಕೋಟೆ ತಾಲ್ಲೂಕಲ್ಲಿ, 1995ರಲ್ಲಿ, ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡ್ಕೊಂಡು ಬಂದು ಯುನಿಸೆಫ್ ನೆರವಲ್ಲಿ ಕಟ್ಟಿದ್ದು, ನಂಗೆ ಈಗ್ಲೂ ಅದು ದೊಡ್ಡ ಹೆಮ್ಮೆ. ಅದ್ರಲ್ಲಿ ಕಲಿಕಾ ಏಣಿ ಇದೆ, ಕಾರ್ಡ್ ಇದೆ, ಪ್ರತಿ ಮಗು ತನ್ನ ಮೆಟ್ಟಿಲಿಂದ ಮುಂದಕ್ಕೆ ಹೋಗ್ಬೇಕು. ಮಧ್ಯದಲ್ಲಿ ಹೊರಗಿನವರು ಯಾರೋ ಬಂದು ಎರಡು ವಾರ ಎ ಫಾರ್ ಆಪಲ್ ಹಾಡ್ಸಿ ಹೋದ್ರೆ ಮಕ್ಕಳಿಗೆ ಖುಷಿ ಆಗುತ್ತೆ ನಿಜ, ಆದ್ರೆ ಟೀಚರ್‌ಗೆ ಏಣಿ ಮತ್ತೆ ಮೊದಲಿಂದ ಹಿಡಿಯೋ ಪಾಡು.

ಎರಡನೇದು, ಇದನ್ನ ಹೊರಗಿಂದ ಬಂದವರು ಯಾರೂ ಊಹೆ ಮಾಡಿರಲ್ಲ. ಈ ಹಾಡಿಗಳ ಜೇನುಕುರುಬ ಆದಿವಾಸಿ ಮಕ್ಕಳು ಮನೇಲಿ ಆಡೋದು ಅವರದ್ದೇ ನುಡಿ, ಪಠ್ಯಪುಸ್ತಕದ ಕನ್ನಡ ಅವರಿಗೂ ಶಾಲೆಗೆ ಬಂದ್ಮೇಲೇ ಪರಿಚಯ. ಅಮೆರಿಕದಲ್ಲಿ ವಾರಾಂತ್ಯದ ಕನ್ನಡ ಕ್ಲಾಸಿಗೆ ಹೋಗೋ ನಿಮ್ಮ ಮಗಳಿಗೂ ಅಷ್ಟೇ ತಾನೆ? ಹಾಗಾಗಿ ಹದಿನೈದು ವರ್ಷದ ಅಮೆರಿಕದ ಹುಡುಗಿ, ಒಂಬತ್ತು ವರ್ಷದ ಹಾಡಿ ಹುಡುಗಿ, ಇಬ್ಬರೂ ಕನ್ನಡ ಓದೋದ್ರಲ್ಲಿ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರ್ತಾರೆ. ಒಂದೇ ಚಿತ್ರದ ಪುಸ್ತಕ ಮಧ್ಯೆ ಇಟ್ಕೊಂಡು ಕೂರಿಸಿದ್ರೆ ಇಬ್ಬರ ಬೆರಳೂ ಒತ್ತಕ್ಷರ ಬಂದ ಜಾಗದಲ್ಲೇ ನಿಲ್ಲುತ್ತೆ. ಒಂದ್ಸಲ ಶಾಲೆ ಜಗಲೀಲಿ ನಾನು ಪಕ್ಕದಲ್ಲೇ ಕೂತಿದ್ದೆ, ದೊಡ್ಡವಳು "ಕತ್... ಕತ್..." ಅಂತ ತಡವರಿಸ್ತಿದ್ಲು, ಚಿಕ್ಕವಳು ಬಾಯಲ್ಲೇ ಸದ್ದಿಲ್ದೆ ಹೇಳ್ಕೊಂಡು ನೋಡಿ, ಗಟ್ಟಿಯಾಗಿ "ಕತ್ತಲೆ ಅಕ್ಕಾ" ಅಂದು ಮುಂದಿನ ಸಾಲು ತಾನೇ ಓದಕ್ಕೆ ಶುರು ಮಾಡಿದ್ಲು. ಟೀಚರ್ ಕೇಳಿದ್ರೆ ತಲೆ ಎತ್ತದ ಮಗು ಅದು. ಇಂಗ್ಲಿಷ್ ಕ್ಲಾಸ್ ಆಗಿದ್ರೆ ಅದು ಆಗ್ತಿತ್ತಾ? ಆಗ ಒಬ್ಬಳು ಕೊಡೋಳು, ಇನ್ನೊಬ್ಬಳು ಈಸ್ಕೊಳ್ಳೋಳು, ಅಷ್ಟೇ.

ಇನ್ನು ಒಂದು ವರ್ಷ ಯಾಕೆ ಅನ್ನೋದು. ನೀವು ಬರೋದು ಜೂನ್ ಜುಲೈನಲ್ಲಿ, ಆಗ ಮಕ್ಕಳು ಶಾಲೇಲಿ ಇರ್ತಾರೆ. ಕಷ್ಟ ಶುರುವಾಗೋದು ನವೆಂಬರ್ ಆದ್ಮೇಲೆ. ಕೊಡಗಲ್ಲಿ ಕಾಫಿ ಕುಯ್ಲು, ತೋಟದ ಜೀಪು ಹಾಡಿಗೇ ಬರುತ್ತೆ, ಮನೆಮಂದಿಯೆಲ್ಲ ಹೊರಟು ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇರ್ತಾರೆ, ಫೆಬ್ರವರಿವರೆಗೂ ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಶಾಲೆ ಇಲ್ಲ. ವಾಪಸ್ ಬಂದಾಗ ಅಕ್ಷರ ಮರೆತಿರುತ್ತೆ, ನಾಚಿಕೆ ಆಗಿರುತ್ತೆ, ಕ್ಲಾಸ್ ಮುಂದೆ ಹೋಗಿರುತ್ತೆ, ಶಾಲೆ ಬಿಡೋದು ಅಲ್ಲೇ. ಅಪ್ಪ-ಅಮ್ಮನಿಗೆ ಓದಿನ ಬೆಲೆ ಗೊತ್ತಿಲ್ಲ ಅಂತ ದಯವಿಟ್ಟು ಹೇಳ್ಬೇಡಿ, ನಾಗರಹೊಳೆ ಕಾಡಿಂದ ಎಬ್ಬಿಸಿದ ಮೇಲೆ ಎಷ್ಟೋ ಕುಟುಂಬಕ್ಕೆ ಉಳುಮೆಗೆ ನೆಲ ಇಲ್ಲ, ಆ ಕೂಲಿ ಬಿಟ್ರೆ ಇನ್ನೇನಿದೆ ಅವರಿಗೆ.

ಅದಕ್ಕೇ ನಮ್ಮ ಸಣ್ಣ ಗುಂಪು ಮಾಡ್ಕೊಂಡಿರೋ ದಾರಿ ಫೋನ್ ಓದು. ಇಲ್ಲಿ ಶನಿವಾರ ಬೆಳಿಗ್ಗೆ ಎಂಟೂವರೆ ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ರಾತ್ರಿ ಎಂಟು, ಚಳಿಗಾಲದಲ್ಲಿ ಅವರ ಗಡಿಯಾರ ಬದಲಾದ್ರೆ ಇಲ್ಲಿ ಒಂಬತ್ತೂವರೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ, 2015ರಿಂದ ನಡೀತಿದೆ, ಕನ್ನಡ ಕಥೆಗಳು ಹಂತ ಹಂತವಾಗಿ ಫ್ರೀಯಾಗಿ ಸಿಗುತ್ತೆ, ಪ್ರಿಂಟ್ ಕೂಡ ಹಾಕ್ಕೋಬೋದು. ಅಲ್ಲೊಂದು ಪ್ರಿಂಟ್, ಇಲ್ಲೊಂದು ಪ್ರಿಂಟ್, ಒಂದು ಪುಟ ಅವಳು, ಒಂದು ಪುಟ ಇವಳು. ಹಾಡೀಲಿ ಸಿಗ್ನಲ್ ಸಿಗೋ ಜಾಗಕ್ಕೆ ಊರಿನದ್ದೇ ಪಿಯುಸಿ ಮುಗಿಸಿದ ಹುಡುಗಿ ಒಬ್ಬಳು ಮಕ್ಕಳನ್ನ ಕರ್ಕೊಂಡು ಹೋಗ್ತಾಳೆ, ಕುಯ್ಲಿನ ಟೈಮಲ್ಲಿ ಲೈನ್ ಮನೆಗೆ ಹೋದವರ ಅಪ್ಪನ ನಂಬರಿಗೆ ಕಾಲ್ ಹಾಕೋದೂ ಅವಳೇ. ಎಷ್ಟೋ ವಾರ ಲೈನ್ ಕಟ್ ಆಗುತ್ತೆ. ಆದ್ರೂ ನವೆಂಬರಿಂದ ಫೆಬ್ರವರಿ ತನಕ ತನ್ನ ಹೆಸರು ಹಿಡಿದು ಕರೆಯೋ ಒಬ್ಬ ಅಕ್ಕ ಇದ್ದಾಳೆ ಅಂದ್ರೆ ಆ ಮಗು ಪುಸ್ತಕ ಕೈಬಿಡಲ್ಲ, ನಾನು ಕಣ್ಣಾರೆ ನೋಡಿದೀನಿ.

ದುಡ್ಡು ಕೊಡ್ತೀವಿ ಅನ್ನೋರಿಗೆ: ನಂಗೆ ಏನಾದ್ರೂ ಕೇಳೋದಾದ್ರೆ ಮಕ್ಕಳನ್ನ ಸಿಗ್ನಲ್ ಜಾಗಕ್ಕೆ ಕರ್ಕೊಂಡು ಹೋಗೋ ಈ ಹುಡುಗಿಯ ತಿಂಗಳ ಸಂಬಳ ಕೊಡಿ ಅಂತೀನಿ. ಬ್ಯಾಗು, ಕ್ರೆಯಾನು, ಚಾಕ್ಲೇಟ್ ತುಂಬಿದ ಸೂಟ್‌ಕೇಸ್ ಬೇಡ. ಕೊಡೋ ಮುಂಚೆ ಪಾಸ್‌ಪೋರ್ಟ್ ನೋಡ್ಕೊಳ್ಳಿ. ನಿಮ್ಮ ಹತ್ರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದ ದುಡ್ಡು ಬ್ಯಾಂಕ್ ಮೂಲಕ ಕಳ್ಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ, ಆದ್ರೆ ಅಮೆರಿಕದ ಪೌರತ್ವ ಆಗಿದ್ರೆ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋ ಕಾರ್ಡ್) ಇದ್ರೂ ಅದು ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಿಸೋ ಕಾನೂನಿನ ಲೆಕ್ಕಕ್ಕೆ ಬರುತ್ತೆ. ಆಗ ಎಫ್‌ಸಿಆರ್‌ಎ ನೋಂದಣಿ ಇರೋ ಸಂಸ್ಥೆಗೇ ಕೊಡ್ಬೇಕು, 2020ರ ತಿದ್ದುಪಡಿ ಆದ್ಮೇಲೆ ಆ ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರ್ಬೇಕು, ಆ ಸಂಸ್ಥೆ ಅದನ್ನ ನಮ್ಮಂಥ ಇನ್ನೊಂದು ಗುಂಪಿಗೆ ದಾಟಿಸೋ ಹಾಗಿಲ್ಲ. ಹಾಗಾಗಿ "ಮೇಷ್ಟ್ರಿಗೆ ಗೂಗಲ್ ಪೇ ಮಾಡ್ಬಿಡ್ತೀನಿ" ಅನ್ನೋದು ಬೇಡವೇ ಬೇಡ, ಪಾಪ ಅವರು ಸರ್ಕಾರಿ ನೌಕರರು, ಅವರ ಕೆಲಸಕ್ಕೇ ಕುತ್ತು.

ಸರ್ಟಿಫಿಕೇಟ್ ಬಗ್ಗೆಯೂ ಕೇಳ್ತೀರಿ, ಕಾಲೇಜ್ ಅರ್ಜಿಗೆ ಗಂಟೆ ಲೆಕ್ಕ ಬೇಕು ಅಂತ. ಕೊಡ್ತೀವಿ, ಫೆಬ್ರವರಿ ಮುಗಿದ್ಮೇಲೆ ಕೊಡ್ತೀವಿ. ಫೋಟೋ ಮಾತ್ರ ಇಲ್ಲ, ಇನ್ಸ್ಟಾಗ್ರಾಮಿಗೆ ಆ ಮಕ್ಕಳ ಮುಖ ಹಾಕೋಕೆ ನಾವು ಯಾರಿಗೂ ಬಿಡಲ್ಲ. ನಿಮ್ಮ ಮಗಳ ಕ್ಲಾಸಿನ ಫೋಟೋ ಗೊತ್ತಿಲ್ದವರು ಹಾಗೆ ಹಾಕಿದ್ರೆ ನೀವು ಸುಮ್ನಿರ್ತೀರಾ?

ಈ ಜೂನಿಗೆ ಬರೋ ಯೋಚನೆ ಇದ್ರೆ ನೀವು ಮೆಸೇಜ್ ಮಾಡ್ಬೇಡಿ, ಮಗಳ ಕೈಲೇ ಮಾಡ್ಸಿ, ವಾಯ್ಸ್ ಮೆಸೇಜ್ ಆದ್ರೂ ಪರ್ವಾಗಿಲ್ಲ, ತಪ್ಪುತಪ್ಪು ಕನ್ನಡ ಆದ್ರೂ ಪರ್ವಾಗಿಲ್ಲ. ಶುಕ್ರವಾರ ರಾತ್ರಿ ಅರ್ಧ ಗಂಟೆ ಬಿಡುವು ಮಾಡ್ಕೋತಾಳಾ ಅನ್ನೋದನ್ನ ಅದ್ರಲ್ಲೇ ಹೇಳ್ಲಿ, ಮಿಕ್ಕಿದ್ದು ನಾವು ಮಾತಾಡ್ಕೋತೀವಿ.