ಕುಶಾಲತೋಪಿಗೂ ಸುಮ್ಮನಿದ್ದ ಸಬ್‌ವೂಫರ್

ಅಕ್ಟೋಬರ್ 2, 2025

ಇವತ್ತು ಜಂಬೂಸವಾರಿ. ನಮ್ಮ ಮನೆ ಮೈಸೂರಿನ ಚಾಮುಂಡಿಪುರಂನಲ್ಲಿ, ಅರಮನೆಗೆ ತೀರಾ ದೂರವೇನಲ್ಲ. ಆದರೂ ನೂಕುನುಗ್ಗಲಿಗೆ ಹೆದರಿ ಪ್ರತಿ ವರ್ಷ ನೋಡುವುದು ಟಿವಿಯಲ್ಲೇ. ಕುಶಾಲತೋಪು ಶುರುವಾಯಿತು. ಒಟ್ಟು 21. ಮೊದಲು ಕಿಟಕಿಯಿಂದ ನಿಜವಾದ ತೋಪಿನ ಸದ್ದು. ಕೆಲವು ಸೆಕೆಂಡ್ ಬಿಟ್ಟು ಅದೇ ತೋಪು ಟಿವಿಯಲ್ಲಿ. ಬಿಜಿಲಿ ಪಟಾಕಿಗಿಂತ ಕಡೆ. ಬೇಸ್ ನುಡಿಸಲೆಂದೇ ಇರುವ ಸಬ್‌ವೂಫರ್ ಮೇಲೆ ಕೈ ಇಟ್ಟು ನೋಡಿದೆ. ಒಂದು ಚೂರೂ ಅದುರುತ್ತಿಲ್ಲ.

"ಇದಕ್ಕೇನೋ ಅಷ್ಟು ದುಡ್ಡು ಸುರಿದಿದ್ದು?" ಅಂದರು ಅಮ್ಮ.

ಸೆಟ್ ತಂದು ಎರಡು ತಿಂಗಳಾಯಿತು. ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಸದ್ದು ಹಂಚುವ ಸೆಕೆಂಡ್ ಹ್ಯಾಂಡ್ 5.1 ರಿಸೀವರ್, ಮುಂದೆ 5 ಇಂಚಿನ ವೂಫರ್ ಇರುವ ಒಂದು ಜೋಡಿ, ಅದಕ್ಕೆ ಹೊಂದುವ ಸೆಂಟರ್ ಸ್ಪೀಕರ್, 10 ಇಂಚಿನ ಸಬ್. ಹಿಂದಿನ ಎರಡು ಮಾತ್ರ ಹಳೇ ಸೆಟ್ಟಿನ 3 ಇಂಚಿನ ಪುಟಾಣಿಗಳು. ರಿಸೀವರ್ ಜೊತೆ ಬಂದ ಮೈಕ್ ಇಟ್ಟು ಆಟೋ ಸೆಟಪ್ ಓಡಿಸಿ, ಮುಗೀತು ಅಂತ ಕೈ ತೊಳೆದುಕೊಂಡಿದ್ದೆ.

ರಾತ್ರಿ ಮೆನು ತೆಗೆದು ನೋಡಿದರೆ ಮುಂದಿನ ಎರಡೂ ಸ್ಪೀಕರ್ 'ಲಾರ್ಜ್' ಅಂತಿವೆ. ಕಾರಣ ಅಲ್ಲೇ ಸಿಕ್ಕಿತು. ಸಿನಿಮಾದ 5.1 ಸೌಂಡಿನಲ್ಲಿ ಆ '.1' ಅನ್ನುವುದು ಎಲ್‌ಎಫ್‌ಇ, ಸಬ್‌ಗೆಂದೇ ಮೀಸಲಾದ ಚಾನೆಲ್. ಟಿವಿಯ ನೇರ ಪ್ರಸಾರ ನಮಗೆ ಬರುತ್ತಿದ್ದದ್ದು ಬರೀ ಸ್ಟೀರಿಯೋದಲ್ಲಿ. ಅದರಲ್ಲಿ ಎಲ್‌ಎಫ್‌ಇ ಇರುವುದೇ ಇಲ್ಲ. ಮುಂದಿನ ಸ್ಪೀಕರ್ 'ಲಾರ್ಜ್' ಅಂದರೆ, ಬೇಸ್ ಎಲ್ಲ ಅವೇ ನುಡಿಸಿಕೊಳ್ಳುತ್ತವೆ ಅಂತ ರಿಸೀವರ್ ನಂಬುತ್ತದೆ. ಸಬ್‌ಗೆ ಏನೂ ಕಳಿಸುವುದಿಲ್ಲ. 'ಸ್ಮಾಲ್' ಅಂತ ಹಾಕಿದರೆ ಮಾತ್ರ ಕ್ರಾಸ್‌ಓವರ್ ಕೆಲಸ ಶುರು, ಅಂದರೆ ಇಂತಿಷ್ಟರ ಕೆಳಗಿನ ಸದ್ದು ಸಬ್‌ಗೆ, ಮೇಲಿನದು ಸ್ಪೀಕರ್‌ಗೆ ಅಂತ ಹಂಚುವ ಏರ್ಪಾಡು. ಅಂದರೆ 21 ತೋಪೂ ಪಾಪ ಆ 5 ಇಂಚಿನ ಕೋನುಗಳ ತಲೆ ಮೇಲೇ ಬಿದ್ದಿದ್ದವು.

ಆಟೋ ಸೆಟಪ್ ಯಾಕೆ 'ಲಾರ್ಜ್' ಅಂದಿತು? ಸ್ಪೀಕರ್ ಗೋಡೆಗೆ ಒತ್ತಿಕೊಂಡಿದೆ, ಗೋಡೆ ಬೇಸ್ ಹೆಚ್ಚಿಸುತ್ತದೆ. ಮೈಕ್‌ಗೆ ಅದು ಕೆಳಗೆ 40 ಹರ್ಟ್ಸ್‌ವರೆಗೂ ಕೇಳಿಸಿರಬೇಕು (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಡಿಮೆಯಾದಷ್ಟೂ ಅಡಿ ಬೇಸ್). ಮೆಲ್ಲಗೆ ನುಡಿಸಿದಾಗ ಕೇಳಿಸುವುದು ಬೇರೆ, ಜೋರಾಗಿ ನುಡಿಸಿದಾಗ ತಾಳುವುದು ಬೇರೆ.

ಅಕ್ಟೋಬರ್ 5

ಗೊಂಬೆಗಳು ಟ್ರಂಕಿಗೆ ಹೋದವು, ಹಾಲ್ ಖಾಲಿಯಾಯಿತು. ಎಲ್ಲ ಸ್ಪೀಕರ್‌ಗಳಿಗೂ 'ಸ್ಮಾಲ್' ಹಾಕಿದೆ. ಅಷ್ಟು ಕೊಟ್ಟು ತಂದದ್ದನ್ನು ಸ್ಮಾಲ್ ಅನ್ನಲು ಸ್ವಲ್ಪ ಬೇಜಾರಾಯಿತು. ಅದು ಡಬ್ಬದ ಅಳತೆಯ ಮಾತಲ್ಲ, 'ಬೇಸ್ ಸಬ್‌ಗೆ ಕಳಿಸು' ಅನ್ನುವ ಅಪ್ಪಣೆ, ಅಷ್ಟೇ.

ಮುಂದಿನ ಜೋಡಿಯ ಕಾಗದದಲ್ಲಿ 55 ಹರ್ಟ್ಸ್‌ನಿಂದ ಶುರು ಅಂತಿದೆ. ಹಾಗಾದರೆ 60 ಸಾಕಲ್ವಾ? ಹಾಕಿ ನೋಡಿದೆ. ಮಾಮೂಲಿ ವಾಲ್ಯೂಮಿನಲ್ಲಿ ಚೆನ್ನಾಗಿಯೇ ಇತ್ತು. ಒಂದು ಫೈಟ್ ಸೀನಿಗೆ ಏರಿಸಿದಾಗ ಎಡಗಡೆ ವೂಫರ್ 'ಟಕ್ ಟಕ್' ಅಂದಿತು. ಮೊದಲನೆಯದು, ಕ್ರಾಸ್‌ಓವರ್ ಗೋಡೆಯಲ್ಲ, ಇಳಿಜಾರು. 60 ಅಂದರೆ 60ರ ಕೆಳಗಿನದು ಒಂದೇ ಏಟಿಗೆ ನಿಂತು ಬಿಡುವುದಿಲ್ಲ, ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಎರಡನೆಯದು, ಅಷ್ಟೇ ಸದ್ದು ಬರಲು ಒಂದು ಆಕ್ಟೇವ್ ಕೆಳಗೆ, ಅಂದರೆ ಅರ್ಧದಷ್ಟು ಹರ್ಟ್ಸ್‌ನಲ್ಲಿ, ಕೋನ್ ನಾಲ್ಕರಷ್ಟು ಓಡಾಡಬೇಕು. 80ರಲ್ಲಿ ಒಂದು ಮಿಲಿಮೀಟರ್ ಅಲ್ಲಾಡಿದ್ದು 40ರಲ್ಲಿ ನಾಲ್ಕು ಮಿಲಿಮೀಟರ್. 5 ಇಂಚಿನ ಕೋನ್ ಎಷ್ಟು ಅಂತ ಕುಣಿದೀತು?

80ಕ್ಕೆ ಬಂದೆ. ಸಿನಿಮಾ ಸೌಂಡಿನ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್‌ನವರು ಮೊದಲಿನಿಂದ ಹೇಳುವುದೂ ಇದನ್ನೇ. ಅದರ ಕೆಳಗಿನ ಸದ್ದು ಯಾವ ಮೂಲೆಯಿಂದ ಬಂತು ಅಂತ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಫೈಟ್ ಸೀನ್ ಮತ್ತೆ ಹಾಕಿದೆ. ಟಕ್ ಟಕ್ ಇಲ್ಲ. ಅದಕ್ಕಿಂತ ಖುಷಿಯಾದದ್ದು, ಮಾತು ಹಾಡು ಎಲ್ಲ ತಿಳಿಯಾಯಿತು.

ಹಿಂದಿನ ಪುಟಾಣಿಗಳಿಗೆ 80 ಆಗುವ ಮಾತೇ ಇಲ್ಲ. 150 ಹಾಕಿದೆ. ಒಂದು ಸೀನಿನಲ್ಲಿ ಹೀರೋ ಬೆನ್ನ ಹಿಂದಿನಿಂದ ಯಾರೋ ಕರೆಯುತ್ತಾನೆ. ದನಿಯ ಮೇಲಿನ ಅರ್ಧ ಹಿಂದಿನಿಂದ ಬಂತು, ಎದೆಯ ಗುಂಗು ಮುಂದಿನ ಎಡ ಮೂಲೆಯ ಸಬ್‌ನಿಂದ! ಗಂಡಸಿನ ದನಿ 100 ಹರ್ಟ್ಸ್ ಆಸುಪಾಸಿನಲ್ಲೇ ಶುರುವಾಗುತ್ತದೆ ನೋಡಿ. ಕೊನೆಗೆ 120ಕ್ಕೆ ಇಳಿಸಿದೆ. ಅವು ಸ್ವಲ್ಪ ಏದುಸಿರು ಬಿಡುತ್ತವೆ. ಹೊಸದು ತರುವವರೆಗೆ ಬಿಡಲಿ.

ಸೆಂಟರ್ ಬಗ್ಗೆ ಅಮ್ಮನದೇ ಕಂಪ್ಲೇಂಟ್. ವಾರ್ತೆ ಓದುವವರು ಹಂಡೆಯೊಳಗೆ ಕೂತು ಮಾತಾಡಿದ ಹಾಗಿದೆಯಂತೆ. ನಿಜ. ಅದನ್ನು ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕಿದ್ದೆ. ಗೂಡಿನ ಅಂಚಿನವರೆಗೆ ಮುಂದೆ ಎಳೆದು, ಕ್ರಾಸ್‌ಓವರ್ 100 ಮಾಡಿದೆ. ಹಂಡೆ ಹೋಯಿತು.

ಅಕ್ಟೋಬರ್ 12

ಇವತ್ತು ಸಬ್‌ಗೆ ಜಾಗ ಹುಡುಕುವ ಕೆಲಸ. ಹಬ್ಬದಲ್ಲಿ ಗೊಂಬೆ ಮೆಟ್ಟಿಲಿಗೆ ಜಾಗ ಬೇಕಂತ ಅದನ್ನು ಮೂಲೆಗೆ ತಳ್ಳಿದ್ದೆವು.

ಹಾಲ್ 14 ಅಡಿ ಉದ್ದ, 11 ಅಡಿ ಅಗಲ, ರೆಡ್ ಆಕ್ಸೈಡ್ ನೆಲ. ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತದೆ. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 40 ಹರ್ಟ್ಸ್. ಅಗಲಕ್ಕೆ ಲೆಕ್ಕ ಹಾಕಿದರೆ 51. ಈ ಎರಡು ಸ್ವರಗಳು ಗೋಡೆಯ ಹತ್ತಿರ ಉಬ್ಬುತ್ತವೆ, ನಟ್ಟನಡುವೆ ಮಾಯವಾಗುತ್ತವೆ. ನಮ್ಮ ಸೋಫಾ ಎಲ್ಲಿದೆ? ಉದ್ದದ ಲೆಕ್ಕದಲ್ಲಿ ಸರಿಯಾಗಿ 7 ಅಡಿಗೆ! ಊಟದ ಟೇಬಲ್ಲನ್ನು ಗೋಡೆಗೆ ಒತ್ತಿ ಸೋಫಾ ಒಂದೂವರೆ ಅಡಿ ಹಿಂದೆ ಸರಿಸಿದೆ.

ಆಮೇಲೆ ಸಬ್ ಎತ್ತಿ ಸೋಫಾ ಮೇಲೆ ಕೂರಿಸಿ, ಒಂದೇ ಬೇಸ್ ಹಾಡು ಹಾಕಿ, ನಾನು ಗೋಡೆ ಬದಿಯಲ್ಲಿ ಅಂಬೆಗಾಲಿಟ್ಟೆ. ಎಲ್ಲಿ ಬೇಸ್ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಬೇಕು ಅನ್ನುವುದು ಉಪಾಯ.

"ಏನು ಬೀಳಿಸಿಕೊಂಡೆಯೋ?" ಅಮ್ಮ ಟಾರ್ಚ್ ತಂದರು.

ಮೂಲೆಯಲ್ಲಿ ಸದ್ದು ಜಾಸ್ತಿ, ಆದರೆ ಗುಂಯ್ ಅನ್ನುತ್ತಿತ್ತು. ಮುಂದಿನ ಗೋಡೆಗುಂಟ ಮೂಲೆಯಿಂದ ಎರಡೂವರೆ ಅಡಿ ಈಚೆ ಚೆನ್ನಾಗಿತ್ತು. ಅಲ್ಲೇ ಇಟ್ಟೆ.

ಅಕ್ಟೋಬರ್ 19

ಈ ವಾರದ ಕಥೆ ಪೂರ್ತಿ ಮಂಡ್ಯದ ಗೆಳೆಯನದು. ಅವನು ಊರ ಹಬ್ಬ, ಆರ್ಕೆಸ್ಟ್ರಾಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವನು. ಅಳತೆ ಮೈಕ್ ತಂದು, ಲ್ಯಾಪ್‌ಟಾಪಿನಲ್ಲಿ 'ರೂಮ್ ಇಕ್ಯೂ ವಿಜಾರ್ಡ್' ತೆರೆದ. ಅದು ಪುಕ್ಕಟೆ ಸಿಗುವ ಸಾಫ್ಟ್‌ವೇರ್. ನಾನು ಅಲ್ಲಿವರೆಗೆ ಸದ್ದಿನ ಮಟ್ಟವನ್ನು ಡೆಸಿಬೆಲ್‌ನಲ್ಲಿ ತೋರಿಸುವ ಫೋನಿನ ಡಿಬಿ ಆ್ಯಪ್ ನಂಬಿದ್ದೆ. ಫೋನಿನ ಮೈಕ್ ಮಾಡಿರುವುದು ಮಾತಿಗೆ, ಅಡಿ ಬೇಸ್ ಅಳೆಯಲು ಅದನ್ನು ನಂಬಬಾರದು.

ಗ್ರಾಫ್ ನೋಡಿ ನನಗೆ ಹೊಟ್ಟೆ ಚುರ್ ಅಂತು. ಸರಿಯಾಗಿ 80ರ ಹತ್ತಿರ 10 ಡಿಬಿ ಹಳ್ಳ, ಅಂದರೆ ಅಲ್ಲಿ ಸದ್ದು ಅಷ್ಟು ತಗ್ಗಿದೆ. ಸಬ್ ಒಂದನ್ನೇ ಅಳೆದರೆ ಅಲ್ಲಿ ಹಳ್ಳವಿಲ್ಲ. ಮುಂದಿನ ಜೋಡಿಯನ್ನಷ್ಟೇ ಅಳೆದರೂ ಇಲ್ಲ. ಎರಡೂ ಸೇರಿದರೆ ಹಳ್ಳ!

ನಾನು ಕ್ರಾಸ್‌ಓವರ್ 100 ಮಾಡಿದೆ. ಹಳ್ಳ ಮೇಲಕ್ಕೆ ಸರಿಯಿತು, ಹೋಗಲಿಲ್ಲ. ಅವನು ಸಬ್ ಹಿಂದೆ ಬಗ್ಗಿ ನೋಡಿ ನಕ್ಕ.

"ಏನ್ಲಾ ಇದು, ಒಂದೇ ಹಿಟ್ಟಿಗೆ ಎರಡು ಜರಡಿ ಹಿಡ್ದಿದ್ದೀಯಲ್ಲಾ!"

ಸಬ್‌ನ ಹಿಂದಿನ ಕ್ರಾಸ್‌ಓವರ್ ನಾಬ್ 80ರಲ್ಲಿತ್ತು. ರಿಸೀವರ್ ಆಗಲೇ ಸೋಸಿ ಕಳಿಸಿದ್ದನ್ನು ಸಬ್ ಇನ್ನೊಮ್ಮೆ ಸೋಸುತ್ತಿತ್ತು. ಆ ನಾಬನ್ನು ಪೂರ್ತಿ ಮೇಲಕ್ಕೆ ತಿರುಗಿಸಿದ. ಇನ್ನು ಸೋಸುವ ಕೆಲಸ ರಿಸೀವರ್ ಒಂದರದೇ. ಮೆನುವಿನಲ್ಲಿ ಎಲ್‌ಎಫ್‌ಇಗೆ ಬೇರೆಯದೇ ಒಂದು ಮಿತಿ ಇದೆ, ಅದು 120ರಲ್ಲೇ ಇರಬೇಕು. ನಾನು ಅದನ್ನೂ ಕ್ರಾಸ್‌ಓವರ್ ಅಂದುಕೊಂಡು 80 ಮಾಡಿದ್ದೆ. ಸಿನಿಮಾದವರು ಆ ಚಾನೆಲ್ಲಿನಲ್ಲಿ 120ರವರೆಗೂ ಸದ್ದು ತುಂಬಿರುತ್ತಾರೆ. ಸುಮ್ನೆ ಕಳೆದುಕೊಳ್ಳುತ್ತಿದ್ದೆ.

ಹಳ್ಳ ಅರ್ಧ ತುಂಬಿತು. ಉಳಿದದ್ದು ಕಾಲದ ತಕರಾರು. ಟೇಪ್ ಹಿಡಿದು ಅಳೆದರೆ ಸಬ್ ನನ್ನಿಂದ 8 ಅಡಿ. ಆದರೆ ಸಬ್‌ನೊಳಗಿನ ಸರ್ಕೀಟು ಸದ್ದನ್ನು ಸ್ವಲ್ಪ ತಡ ಮಾಡಿಯೇ ಬಿಡುತ್ತದೆ. ಕಿವಿಗೆ ಅದು ಇನ್ನೂ ದೂರ ಇದ್ದ ಹಾಗೆ. ಮೆನುವಿನಲ್ಲಿ ದೂರ ಹೆಚ್ಚಿಸಿದರೆ ರಿಸೀವರ್ ಉಳಿದ ಸ್ಪೀಕರ್‌ಗಳನ್ನು ಅಷ್ಟು ತಡೆದು ಸಬ್‌ಗಾಗಿ ಕಾಯಿಸುತ್ತದೆ. ಅಡಿಗೆ ಹತ್ತಿರಹತ್ತಿರ ಒಂದು ಮಿಲಿಸೆಕೆಂಡ್. 80 ಹರ್ಟ್ಸ್‌ನ ಒಂದು ಅಲೆಗೆ ಹಿಡಿಯುವುದೇ 12.5 ಮಿಲಿಸೆಕೆಂಡ್. ನಾಲ್ಕಡಿ ತಪ್ಪಿದರೆ ಕಾಲು ಸುತ್ತಿಗಿಂತ ಜಾಸ್ತಿ ತಪ್ಪಿದ ಹಾಗೆ. ಅವನು ಒಂದೊಂದೇ ಅಡಿ ಏರಿಸುತ್ತಾ ಪ್ರತಿ ಸಲ ಅಳೆದ. 12 ಅಡಿಯಲ್ಲಿ ಹಳ್ಳ ಮುಚ್ಚಿತು. 13ಕ್ಕೆ ಮತ್ತೆ ತಗ್ಗಿತು.

ನಾನು ಎರಡು ವಾರ 60, 80, 100 ಅಂತ ಒದ್ದಾಡಿದ್ದಕ್ಕಿಂತ ಈ ನಾಲ್ಕು ಅಡಿ ಹೆಚ್ಚು ಕೆಲಸ ಮಾಡಿತು. ಮುಂದಿನ ಜೋಡಿಗೆ ಮತ್ತೆ 60 ಮಾಡಿ ನೋಡೋಣವಾ ಅಂತ ಕೇಳಿದೆ.

"ಟಾಪ್‌ಗೆ ಬೇಸ್ ಬುಟ್ರೆ ಕಾಯಿಲ್ ಸುಟ್ಟೋಯ್ತದೆ ಕಣ್ಲಾ. ಮುಚ್ಕೊಂಡು ಎಂಬತ್ತಲ್ಲೇ ಮಡಗು." ಟಾಪ್ ಅಂದರೆ ಅವನ ಭಾಷೆಯಲ್ಲಿ ಸಬ್ ಅಲ್ಲದ ಸ್ಪೀಕರ್.

ನವೆಂಬರ್ 1

ಕೆಳಗಿನ ಮನೆ ಓನರ್ ಅಂಕಲ್ ಮೆಟ್ಟಿಲ ಹತ್ತಿರ ಸಿಕ್ಕಿ, "ರಾತ್ರಿ ನಮ್ಮ ಶೋಕೇಸ್ ಗಾಜು ಮಾತಾಡ್ತಿತ್ತಪ್ಪ" ಅಂದರು. ಬೈಗುಳವಲ್ಲ, ಆದರೂ ನಾಚಿಕೆಯಾಯಿತು. ಇದಕ್ಕೆ ಕ್ರಾಸ್‌ಓವರಿನಲ್ಲಿ ಮದ್ದಿಲ್ಲ. ಯಾವ ಸಂಖ್ಯೆ ಹಾಕಿದರೂ 30, 40ರ ಸದ್ದು ಸಬ್‌ನಿಂದಲೇ ಬರುವುದು, ಮೋಲ್ಡಿನ ಮೂಲಕ ಇಳಿಯುವುದೂ ಅದೇ. ಸಬ್ ಅಡಿಗೆ ದಪ್ಪ ರಬ್ಬರ್ ಹಾಕಿದೆ. ನಮ್ಮ ನೆಲದ ನಡುಕ ಕಡಿಮೆಯಾಯಿತು, ಅವರ ಗಾಜಿಗೆ ಅಷ್ಟೇನೂ ಉಪಯೋಗವಾಗಲಿಲ್ಲವಂತೆ. ಒಂಬತ್ತು ಗಂಟೆ ಮೇಲೆ ಸಬ್ 6 ಡಿಬಿ ಇಳಿಸುವುದು ಅಂತ ಒಪ್ಪಂದವಾಗಿದೆ.

ನವೆಂಬರ್ 9

ಜಂಬೂಸವಾರಿಯ ವಿಡಿಯೋ ಹುಡುಕಿ ಹಾಕಿದೆ. ಈ ಸಲ ಸಬ್ ಎದ್ದಿತು. 'ಧಬ್' ಅಂದಿತು. ಕಿಟಕಿಯಿಂದ ಕೇಳಿದ್ದಕ್ಕೆ ಸಮ ಅನ್ನಲಾರೆ. ಟಿವಿಯವರ ಮೈಕ್ ಹಿಡಿದಷ್ಟೇ ತಾನೆ ನಮ್ಮ ಸಬ್‌ಗೆ ಸಿಗುವುದು.

51ರ ಹಳ್ಳ ಮಾತ್ರ ಇನ್ನೂ ಹಾಗೇ ಇದೆ. ಸೋಫಾದ ನಡು ಸೀಟು ಅಗಲದ ನಟ್ಟನಡುವೆ ಬರುತ್ತದೆ. ಎದುರುಬದುರು ಗೋಡೆಗೆ ಎರಡು ಸಬ್ ಇಟ್ಟರೆ ಸೀಟಿನಿಂದ ಸೀಟಿಗೆ ಆಗುವ ವ್ಯತ್ಯಾಸವಾದರೂ ಕಡಿಮೆಯಾಗುತ್ತದೆ. ಎರಡನೆಯ ಸಬ್ ಅನ್ನುವ ಮಾತು ಬಂದಾಗ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಸೋಫಾ ಪಕ್ಕಕ್ಕೆ ಎಳೆದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಸದ್ಯಕ್ಕೆ ಮನೆಯ ಒಳ್ಳೇ ಬೇಸ್ ಸಿಗುವುದು ಕಿಟಕಿ ಪಕ್ಕದ ತುದಿ ಸೀಟಿನಲ್ಲಿ. ಅದು ಅಮ್ಮನದು. ಅವರು ಅಲ್ಲಿ ಕೂತು ವಾರ್ತೆ ನೋಡುತ್ತಾರೆ.