ಎತ್ತರದ ರನ್‌ವೇ, ಸವೆದ ಎಂಜಿನ್

5,000 ಅಡಿ ಎತ್ತರದ ರನ್‌ವೇ, 30 ಡಿಗ್ರಿ ಬಿಸಿಲು ಅಂದರೆ ಗಾಳಿ ಅಷ್ಟು ತೆಳು, ಸಣ್ಣ ವಿಮಾನದ ಪಾಲಿಗೆ ಅದು ಸುಮಾರು 8,000 ಅಡಿ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಲ್ಲೇ ಹೋಯಿತು. ಕೈಪಿಡಿಯ ಟೇಕಾಫ್ ಕೋಷ್ಟಕ ಇದನ್ನು ಲೆಕ್ಕಕ್ಕೆ ಹಿಡಿದಿರುತ್ತದೆ, ಆದರೆ ಸುಸ್ಥಿತಿಯ ಎಂಜಿನ್‌ಗೆ ಮಾತ್ರ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್‌ಗಳನ್ನು ತೆರೆಸುವ ಉಬ್ಬುಗಳಿರುವ ದಂಡದ ಸವೆತ. ಕ್ಯಾಮ್‌ನ ಉಬ್ಬು ತೇಯ್ದರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಸಿಲಿಂಡರ್‌ಗೆ ಗಾಳಿ ಸಾಲದು. ಸಿಲಿಂಡರ್ ಗಾಳಿಯ ಒತ್ತಡ ಹಿಡಿದಿಡುತ್ತದೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆ ನಡೆಯುವುದು ವಾಲ್ವ್ ಮುಚ್ಚಿದ್ದಾಗ. ಹಾಗಾಗಿ ಕೊಟ್ಟ 80 ಪಿಎಸ್‌ಐ ಒತ್ತಡದಲ್ಲಿ 75 ಉಳಿದು ಫಲಿತಾಂಶ ಚೆನ್ನಾಗಿ ಬಂದರೂ ಈ ದೋಷ ಕಾಣದು. ಆಯಿಲ್ ಫಿಲ್ಟರ್ ಕತ್ತರಿಸಿ, ಅದರ ಒಳಗಿನ ಕಾಗದದ ಮಡಿಕೆಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಲೋಹದ ಚೂರು ಹುಡುಕಲೇಬೇಕು.

ಹೊರಡುವ ಮುನ್ನ ಬ್ರೇಕ್ ಹಿಡಿದು ಪೂರ್ತಿ ಥ್ರಾಟಲ್ ಕೊಡಿ, ಕೈಪಿಡಿ ಹೇಳುವಂತೆ ಮಿಕ್ಸ್ಚರ್ ತೆಳು ಮಾಡಿ (ಗಾಳಿಗೆ ಬೆರೆಯುವ ಇಂಧನ ಕಡಿಮೆ ಮಾಡಿ), ಎಂಜಿನ್ ಶಕ್ತಿ ಸರಿಯಾಗಿ ಬರುತ್ತಿದೆಯೇ ಎಂದು ಆರ್‌ಪಿಎಂ ನೋಡಿ. ಅರ್ಧ ರನ್‌ವೇ ಮುಗಿದರೂ ಟೇಕಾಫ್ ವೇಗದ 70 ಶೇಕಡಾ ಬರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ.