ಊಟ ಮಾಡದ ದಿನವೂ ಸೂಜಿ ಬೇಕು

ಜುಲೈ 16, 2024, ಮಂಗಳವಾರ, ಶಿವಮೊಗ್ಗ

ಬೆಳಗಿನ ಜಾವ ನಾಲ್ಕೂವರೆ. ಪುಟ್ಟಿ ಈಗಷ್ಟೇ ಬೆವತಳು, ಜ್ವರ ಇಳಿಯುತ್ತಿದೆ. ನನಗೆ ಇನ್ನು ನಿದ್ದೆ ಬರಲ್ಲ.

ನಿನ್ನೆ ಮಧ್ಯಾಹ್ನ ಶುರುವಾಗಿದ್ದು. ಗಂಟಲು ನೋವು, ಜ್ವರ 102. ಎರಡು ತುತ್ತು ಅನ್ನ ತಿಂದು ತಟ್ಟೆ ದೂಡಿದಳು. ಎಲ್ಲ ಮಕ್ಕಳಿಗೂ ಬರುವ ಜ್ವರವೇ. ಆದರೆ ಟೈಪ್ 1 ಡಯಾಬಿಟಿಸ್ ಇರುವ, ಮೈಯಲ್ಲಿ ಇನ್ಸುಲಿನ್ ತಯಾರಾಗದೆ ದಿನವೂ ಸೂಜಿಯಲ್ಲೇ ತಗೊಳ್ಳುವ ಒಂಬತ್ತು ವರ್ಷದವಳಿಗೆ ಬಂದರೆ ಮನೆಯಲ್ಲಿ ಯಾರೂ ಮಲಗಲ್ಲ.

ಸಂಜೆ ಆರಕ್ಕೆ ಶುಗರ್ 318. ಅತ್ತೆ ಬಾಗಿಲಲ್ಲೇ ನಿಂತು, "ಹೊಟ್ಟೇಲಿ ಏನೂ ಇಲ್ಲ ಕಣೇ, ಇವತ್ತೊಂದಿನ ಸೂಜಿ ಬೇಡ" ಅಂದರು. ಮೊಮ್ಮಗಳ ಮೇಲಿನ ಸಂಕಟ ಅದು. ಮೂರು ವರ್ಷದ ಹಿಂದೆ ನಾನೂ ಹೀಗೇ ಯೋಚಿಸುತ್ತಿದ್ದೆ. "ಜ್ವರ ಬಂದಾಗ ಲಿವರ್ ತಾನೇ ಸಕ್ಕರೆ ಬಿಡುತ್ತೆ ಅತ್ತೆ. ಇನ್ಸುಲಿನ್ ಸಾಲದಿದ್ರೆ ಮೈಗೆ ಅದು ದಕ್ಕಲ್ಲ, ಕೊಬ್ಬು ಕರಗುತ್ತೆ. ಅದರಿಂದ ಕೀಟೋನ್ ಆಗಿ ರಕ್ತ ಹುಳಿಯಾಗುತ್ತೆ" ಅಂದೆ. ಕಾಯಿಲೆ ಗೊತ್ತಾದ ದಿನ ಹಾಗೆ ಹುಳಿಯಾಗಿಯೇ ಇವಳನ್ನು ಐಸಿಯುಗೆ ಸೇರಿಸಿದ್ದು. ಆ ಏದುಸಿರು, ಬಾಯಲ್ಲಿ ಬರುತ್ತಿದ್ದ ಕಳಿತ ಹಣ್ಣಿನ ವಾಸನೆ ಅತ್ತೆಗೂ ನೆನಪಿದೆ. ಸುಮ್ಮನಾದರು. ಹೋಗಿ ಜೀರಿಗೆ ನೀರು ಕಾಯಿಸಿ ತಂದರು.

ಮೂತ್ರದಲ್ಲಿ ಕೀಟೋನ್ ನೋಡುವ ಸ್ಟ್ರಿಪ್ ಅದ್ದಿ ಹದಿನೈದು ಸೆಕೆಂಡ್ ಎಣಿಸಿದೆ. ಚೌಕ ಮೊದಲು ಗುಲಾಬಿ, ಆಮೇಲೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತು, ಅಷ್ಟು ಗಾಢವಲ್ಲ. ಡಬ್ಬಿಯ ಬಣ್ಣಗಳ ಪಕ್ಕ ಹಿಡಿದರೆ ಮಧ್ಯಮ. ಡಾಕ್ಟರಿಗೆ ಫೋನ್ ಮಾಡಿದೆ. ದಿನದ ಒಟ್ಟು ಇಪ್ಪತ್ತು ಯೂನಿಟ್ಟಿನಲ್ಲಿ ಹತ್ತನೇ ಒಂದು ಭಾಗ, ಅಂದರೆ ಎರಡು ಯೂನಿಟ್ ಬೇಗ ಕೆಲಸ ಮಾಡುವ ಇನ್ಸುಲಿನ್ ಈಗಲೇ ಜಾಸ್ತಿ ಕೊಡಿ ಅಂದರು. ಎರಡು ಗಂಟೆಗೊಮ್ಮೆ ಶುಗರ್ ನೋಡಬೇಕು, ರಾತ್ರಿಯ ಇನ್ಸುಲಿನ್ ತಪ್ಪಿಸುವ ಹಾಗೇ ಇಲ್ಲ. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ, ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ. ಇದು ಇವಳ ತೂಕ, ಇವಳ ಡೋಸ್ ನೋಡಿ ಹೇಳಿದ ಲೆಕ್ಕ. ನಿಮ್ಮ ಮಗುವಿಗೆ ಎಷ್ಟು ಅಂತ ನಿಮ್ಮ ಡಾಕ್ಟರನ್ನೇ ಕೇಳಿ, ಜ್ವರ ಬರುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.

ಹತ್ತಕ್ಕೆ 262. ಹನ್ನೆರಡಕ್ಕೆ 204. ಎರಡು ಗಂಟೆಗೆ ದೀಪ ಹಾಕಿದರೆ ಮುದುಡಿ ಮಲಗಿದ್ದವಳು ಕಣ್ಣು ಬಿಡದೆ ಉಂಗುರದ ಬೆರಳು ಚಾಚಿದಳು. ತುದಿಗೆ ಚುಚ್ಚಿದರೆ ಜಾಸ್ತಿ ನೋವು, ಯಾವಾಗಲೂ ಬದಿಗೇ ಚುಚ್ಚುವುದು. "ಎಷ್ಟಮ್ಮಾ?" "ನೂರಾ ಐವತ್ತೆಂಟು." "ಹಾಗಾದ್ರೆ ಗಂಜಿ ಕುಡೀಬಹುದಾ?"

ಕುಡಿಯಬಹುದು ಅಲ್ಲ, ಕುಡಿಯಲೇಬೇಕಿತ್ತು. ಶುಗರ್ ಇಳಿದಿದ್ದರೂ ಕೀಟೋನ್ ಇನ್ನೂ ಸ್ವಲ್ಪ ಇತ್ತು. ಅದು ಹೋಗಲು ಇನ್ಸುಲಿನ್ ಬೇಕು. ಬರೀ ಇನ್ಸುಲಿನ್ ಆದರೆ ಶುಗರ್ ಕುಸಿಯುತ್ತದೆ. ಅದಕ್ಕೇ ಉಪ್ಪು, ಚೂರು ಸಕ್ಕರೆ ಹಾಕಿದ ಅಕ್ಕಿ ಗಂಜಿ, ಚಮಚ ಚಮಚವಾಗಿ. ಅರ್ಧ ಲೋಟ ಒಳಗೆ ಹೋಯಿತು. ನಾಲ್ಕಕ್ಕೆ 171, ಸ್ಟ್ರಿಪ್ಪಿನಲ್ಲಿ ಬಣ್ಣವೇ ಏರಲಿಲ್ಲ.

ಡಬ್ಬಿಯ ಮುಚ್ಚಳದ ಮೇಲೆ ತೆರೆದ ದಿನ ಬರೆದಿದ್ದೇನೆ: ಜನವರಿ 20. ಆರು ತಿಂಗಳು ದಾಟಿದರೆ ಈ ಸ್ಟ್ರಿಪ್ ನಂಬುವ ಹಾಗಿಲ್ಲ. ಮೆಡಿಕಲ್ ಶಾಪ್ ತೆರೆದ ಕೂಡಲೇ ಹೊಸದು ತರಿಸಬೇಕು. ಆರು ಗಂಟೆಗೆ ಮತ್ತೆ ಬೆರಳು.